ಹುಳಿನ ಮನೆಗೆ ನುಗ್ಗಿದ ಹೊಗೆ

ನನ್ನ ಬಾಯಿ ಜೋರು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ನಂಜನಗೂಡಿನ ಪೇಟೆಯಲ್ಲಿ ಹುಟ್ಟಿ ಬೆಳೆದು ಮೂಗೂರಿಗೆ ಸೊಸೆಯಾಗಿ ಬಂದವಳು ನಾನು. ಬಂದ ಹೊಸತರಲ್ಲಿ ಒಂದಾರು ತಿಂಗಳು ತಲೆ ತಗ್ಗಿಸಿಕೊಂಡು ಓಡಾಡಿದ್ದೆನೇನೋ, ಅಷ್ಟೆ. ಆಮೇಲೆ ಹನ್ನೊಂದು ಮನೆಗಳ ನಮ್ಮ ಬೀದಿಯಲ್ಲಿ ನನ್ನ ದನಿ ಕೇಳಿಸದ ದಿನವೇ ಇರಲಿಲ್ಲ. ಆ ಬಾಯಿಂದಲೇ ಒಂದು ಸಲ ಪಕ್ಕದ ಮನೆಯ ಅಕ್ಕನಿಗೆ ಮಾಡಬಾರದ ಅನ್ಯಾಯ ಮಾಡಿದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ.

ಆಗ ನಾವು ರೇಷ್ಮೆ ಮಾಡುತ್ತಿದ್ದೆವು. ನಾಲೆಯ ಪಕ್ಕ ಅರ್ಧ ಎಕರೆ ಹಿಪ್ಪುನೇರಳೆ, ಮನೆಯ ಹಿಂಬದಿಯ ಉದ್ದನೆಯ ಕೋಣೆಯಲ್ಲಿ ಬಿದಿರು ತಟ್ಟೆಗಳ ಸಾಲು. ಅದೇ ಹುಳಿನ ಮನೆ. ಸೊಪ್ಪು ಕೊಯ್ಯುವುದು, ಹುಳಕ್ಕೆ ಹಾಕುವುದು, ಹಿಕ್ಕೆ ತೆಗೆಯುವುದು, ಗೂಡು ಬಿಡಿಸುವುದು, ಎಲ್ಲ ನನ್ನ ಕಾರುಬಾರು. ನಮ್ಮ ಯಜಮಾನರಿಗೆ ಅದು ಸೇರುತ್ತಲೇ ಇರಲಿಲ್ಲ. "ಕಬ್ಬು ನೆಟ್ಬುಟ್ರೆ ನೀರು ಬುಟ್ಕಂಡು ಆರಾಮಾಗಿರ್ಬೌದು. ಈ ಉಳಕ್ಕೆ ಕೂಸಿಗಿಂತ ಎಚ್ಚಾಗಿ ಚಾಕ್ರಿ ಮಾಡ್ಬೇಕಲ್ಲೇ" ಎಂದು ಗೊಣಗುತ್ತಿದ್ದರು. ಗೊಣಗಲಿ ಬಿಡಿ. ಆ ಅರ್ಧ ಎಕರೆ ನನ್ನದು ಎಂದು ನಾನು ತೀರ್ಮಾನಿಸಿಯಾಗಿತ್ತು.

ಹುಳಕ್ಕೆ ವಾಸನೆ ಆಗಿಬರುವುದಿಲ್ಲ. ಅದಕ್ಕೇ ನನ್ನ ಕಾನೂನುಗಳು ಒಂದೆರಡಲ್ಲ. ಕೈಕಾಲು ತೊಳೆಯದೆ ಒಳಗೆ ಕಾಲಿಡುವಂತಿಲ್ಲ. ಹುಳ ಇರುವಷ್ಟು ದಿನ ಮೆಣಸಿನಕಾಯಿ ಹುರಿಯುವಂತಿಲ್ಲ, ಊದುಕಡ್ಡಿ ಹಚ್ಚುವಂತಿಲ್ಲ. ಯಜಮಾನರು ಬೀಡಿ ಸೇದಬೇಕೆಂದರೆ ನಾಲೆಯ ಏರಿಗೆ ಹೋಗಬೇಕು. ಇಷ್ಟೆಲ್ಲ ಕಾನೂನು ಮಾಡಿದ ಮಹಾತಾಯಿ ನಾನು, ಪ್ಲಾಸ್ಟಿಕ್ ಕವರನ್ನು ಮಾತ್ರ ಮರೆತಿದ್ದೆ.

ಮರೆತಿದ್ದೆ ಅಂದರೆ ಸುಳ್ಳು. ಕವರು ಕಂಡರೆ ನನಗೆ ಪ್ರೀತಿ. ನಾನು ಚಿಕ್ಕವಳಿದ್ದಾಗ ನಂಜನಗೂಡಿನಲ್ಲಿ ಹೂವು ಬಾಳೆ ಎಲೆಯಲ್ಲಿ ಬರುತ್ತಿತ್ತು, ಬೇಳೆ ಬೆಲ್ಲ ಕಾಗದದ ಪೊಟ್ಟಣದಲ್ಲಿ. ಮದುವೆಯಾಗಿ ಕೆಲವು ವರ್ಷಕ್ಕೆ ನೋಡನೋಡುತ್ತಲೇ ಎಲ್ಲದಕ್ಕೂ ಕವರು ಬಂತು. ಮಳೆಯಲ್ಲಿ ನೆನೆಯುವುದಿಲ್ಲ, ದಾರಿಯಲ್ಲಿ ಒಡೆಯುವುದಿಲ್ಲ, ಎಷ್ಟು ಚೆಂದ! ಒಂದನ್ನೂ ಎಸೆಯದೆ ಮಡಿಸಿ ಮಡಿಸಿ ಗೂಟಕ್ಕೆ ಸಿಕ್ಕಿಸಿಡುತ್ತಿದ್ದೆ. ಸೀಮೆಎಣ್ಣೆಗೆ ರೇಷನ್ ಅಂಗಡಿಯ ಮುಂದೆ ಕಾಯಬೇಕಾಗಿದ್ದ ದಿನಗಳು. ಸ್ನಾನದ ಹಂಡೆಯ ಒಲೆ ಹೊತ್ತಿಸಲು ಎಣ್ಣೆಯ ಬದಲು ಒಂದು ಕವರು ಸಾಕು ಎಂದು ಕಂಡುಹಿಡಿದವಳೇ ನಾನು. ಸೌದೆಯ ಅಡಿಗೆ ತುರುಕಿ ಕಡ್ಡಿ ಗೀರಿದರೆ ಭಗ್ಗೆಂದು ಹತ್ತಿಕೊಳ್ಳುತ್ತಿತ್ತು. ಈ ಘನಂದಾರಿ ವಿದ್ಯೆಯನ್ನು ಬೀದಿಗೆಲ್ಲ ಕಲಿಸಿದೆ. ಮೊದಲು ಕಲಿತವಳು ಪಕ್ಕದ ಮನೆಯ ಅಕ್ಕ.

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಎರಡು ಎಮ್ಮೆ ಕಟ್ಟಿಕೊಂಡು ಒಬ್ಬಳೇ ಇದ್ದವಳು, ಮಾತು ಕಡಿಮೆ. ನನ್ನ ಬಾಣಂತನದಲ್ಲಿ ಎಣ್ಣೆನೀರು ಹಾಕಿದ್ದು ಅವಳ ಕೈಯೇ. ಅವಳ ಬಚ್ಚಲಿನ ಹೊಗೆಗಂಡಿ ಸರಿಯಾಗಿ ನಮ್ಮ ಹುಳಿನ ಮನೆಯ ಕಡೆಗೆ ತೆರೆದುಕೊಂಡಿತ್ತು.

ಆ ವರ್ಷ ಪುಷ್ಯದ ಚಳಿ ಜೋರಾಗಿತ್ತು. ಚಳಿಯಲ್ಲಿ ಹುಳ ಮಂಕಾಗುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಅದಕ್ಕೆ ಕಬ್ಬಿಣದ ಬಾಂಡಲಿಯಲ್ಲಿ ಇದ್ದಿಲು ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಡವಾದ ಮೇಲೆ ಒಳಗೆ ತಂದಿಟ್ಟು ಕೋಣೆ ಬೆಚ್ಚಗೆ ಮಾಡುತ್ತಿದ್ದೆವು. ಹುಳ ಮೂರನೇ ಜ್ವರದಿಂದ ಎದ್ದಿತ್ತು. ಜ್ವರವೆಂದರೆ ಕಾಯಿಲೆಯಲ್ಲ, ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಾವು ಹಾಗೆನ್ನುವುದು. ಒಂದು ದಿನ ಬೆಳಿಗ್ಗೆ ಸೊಪ್ಪು ಹಾಕಲು ಒಳಗೆ ಹೋಗಿ ನೋಡುತ್ತೇನೆ, ತಟ್ಟೆಗಳಲ್ಲಿ ಹುಳಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತ ಹಸಿರು ಕಕ್ಕುತ್ತಿವೆ. ಮಧ್ಯಾಹ್ನದ ಹೊತ್ತಿಗೆ ಅರ್ಧಕ್ಕರ್ಧ ನೆಲದ ಮೇಲಿದ್ದವು. ಸಂಜೆಗೆ ಉಳಿದವೂ ಹೋದವು.

ಅಯ್ಯೋ, ಅವತ್ತು ನನ್ನ ಹೊಟ್ಟೆ ಉರಿದದ್ದು ನನಗೇ ಗೊತ್ತು. ಕೂತು ಅತ್ತೆ. ಅತ್ತು ಮುಗಿಸಿ ಎದ್ದವಳೇ ನೇರ ಬೀದಿಗೆ ಬಂದು ಅಕ್ಕನ ಬಾಗಿಲ ಮುಂದೆ ನಿಂತೆ.

"ನಿನ್ ಬಚ್ಚಲ ಒಗೆಗೇ ನನ್ ಉಳ ಸತ್ತೋದೋ! ದಿನಾ ಕವರು ಸುಟ್ಟು ಸುಟ್ಟು ನನ್ ಮನೆಗೆ ಬುಟ್ಟೆ. ಕಣ್ಣು ಕಾಣಲ್ವಾ ನಿಂಗೆ? ನಿನ್ ಒಟ್ಟೆ ತಣ್ಣಗಾಯ್ತಾ ಈಗ?"

ಹನ್ನೊಂದು ಮನೆಯವರೂ ಹೊರಗೆ ಬಂದು ನೋಡಿದರು. ಅಕ್ಕ ಎಮ್ಮೆಗೆ ಬೂಸಾ ಕಲಸುತ್ತಿದ್ದವಳು ಕೈ ಒರೆಸಿಕೊಂಡು ನಿಂತಳು. "ಕವರು ಅಚ್ಚದು ಕಲ್ಸಿದ್ದು ನೀನೇ ಅಲ್ವಾ ಅಮ್ಮಿ" ಎಂದಷ್ಟೇ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾರನೆಯ ದಿನ ರೇಷ್ಮೆ ಇಲಾಖೆಯವರೊಬ್ಬರು ಬಂದರು. ತಟ್ಟೆ ನೋಡಿದರು, ಸೊಪ್ಪು ಮೂಸಿದರು, ಕೊನೆಗೆ ಮೂಲೆಯಲ್ಲಿದ್ದ ಇದ್ದಿಲಿನ ಬಾಂಡಲಿಯನ್ನು ಬೋರಲು ಹಾಕಿ ತಟ್ಟಿದರು. ಬೂದಿಯ ಜೊತೆ ಕರ್ರಗೆ ಕರಗಿ ಗಟ್ಟಿಯಾದ ಒಂದು ಉಂಡೆ ಬಿತ್ತು.

"ಇದೇನಮ್ಮ?"

ನೋಡಿದ ಕೂಡಲೇ ನೆನಪಾಯಿತು. ಹುಳ ಸತ್ತ ದಿನ ಬೆಳಗಿನ ಜಾವ ಚಳಿಗೆ ಹೊರಗೆ ಹೋಗಲು ಬೇಜಾರಾಗಿ, ಹುಳಿನ ಮನೆಯೊಳಗೇ ಕೂತು, ಎರಡು ಕವರು ತುರುಕಿ ಇದ್ದಿಲು ಹೊತ್ತಿಸಿದ್ದೆ. ಬೆಚ್ಚಗಿರಲಿ ಎಂದು ಕಿಟಕಿಗಳನ್ನೂ ಮುಚ್ಚಿ ಬಂದಿದ್ದೆ.

"ಕವರು ಸಾ" ಎಂದೆ.

"ಹೊರಗಿನ ಹೊಗೆ ಇಷ್ಟು ಮಾಡಲ್ಲಮ್ಮ. ಒಳಗೇ ಉರಿದಿದೆ ನೋಡಿ. ಪಕ್ಕದವರದ್ದೂ ಒಳ್ಳೇದಲ್ಲ, ಆದರೆ ಹುಳ ಸತ್ತಿದ್ದು ಇದಕ್ಕೆ" ಎಂದು ಹೇಳಿ ಅವರು ಸ್ಕೂಟರ್ ಹತ್ತಿ ಹೋದರು. ಯಜಮಾನರು ಗದ್ದೆಯಲ್ಲಿದ್ದರು. ಆ ಉಂಡೆಯನ್ನು ತಿಪ್ಪೆಗೆ ಎಸೆದು ಬಂದೆ. ಯಾರಿಗೂ ಹೇಳಲಿಲ್ಲ. ಬೀದಿಯಲ್ಲಿ ನಿಂತು ಅಷ್ಟು ಕೂಗಾಡಿದ ಮೇಲೆ ಯಾವ ಮುಖ ಹೊತ್ತು ಹೇಳಲಿ? ಸಂಜೆ ಯಜಮಾನರು ಒಂದೇ ಮಾತು ಹೇಳಿದರು. "ಇನ್ನೊಂದು ಬೆಳೆ ನೋಡ್ತೀನಿ. ಅದೂ ಓದ್ರೆ ಗಿಡ ಕೀಳ್ಸಿ ಕಬ್ಬು ಆಕ್ಬುಡ್ತೀನಿ."

ಮನಸ್ಸು ತಡೆಯದೆ ನಾಲ್ಕು ದಿನ ತವರಿಗೆ ಹೋದೆ. ಒಂದು ಬೆಳಿಗ್ಗೆ ಅಮ್ಮನ ಜೊತೆ ಕಪಿಲೆಗೆ ಸ್ನಾನಕ್ಕೆ ಇಳಿದರೆ ಮೆಟ್ಟಿಲ ಮೇಲೆಲ್ಲ ಶಾಂಪೂ ಪೊಟ್ಟಣ, ನೀರಿಗಿಳಿದರೆ ಕಾಲಿಗೆ ಕವರು ಸುತ್ತಿಕೊಳ್ಳುತ್ತಿತ್ತು. ಬಿಡಿಸಿ ಬಿಟ್ಟರೆ ಹರಿದುಕೊಂಡು ಹೋಯಿತು. ಎಲ್ಲಿಗೆ ಹೋಗುತ್ತೆ? ನಮ್ಮ ತಿರುಮಕೂಡಲಿಗೇ ತಾನೇ, ಕಾವೇರಿ ಸೇರುವಲ್ಲಿಗೆ. ಮನೆಯಲ್ಲಿ ಸುಟ್ಟರೆ ಹುಳ ಸಾಯುತ್ತೆ, ಹೊಳೆಗೆ ಬಿಟ್ಟರೆ ಮುಂದಿನ ಊರಿನವರ ಕಾಲಿಗೆ ಸುತ್ತಿಕೊಳ್ಳುತ್ತೆ. ಹಾಗಾದರೆ ಈ ಹಾಳಾದ್ದು ಮನೆಗೇ ಬರಬಾರದು. ಒದ್ದೆ ಸೀರೆಯಲ್ಲೇ ನಿಂತು ತೀರ್ಮಾನ ಮಾಡಿದೆ. ಮಾಡಿದ ಮೇಲೆ ನಾನು ಬಿಡುವವಳಲ್ಲ.

ಊರಿಗೆ ಬಂದವಳೇ ಹೊಸ ಮೊಟ್ಟೆ ತರಿಸಿದೆ. ಹಿತ್ತಲಲ್ಲಿ ಒಣಗಿದ ರೇಷ್ಮೆ ಕಡ್ಡಿಯ ರಾಶಿಯೇ ಇತ್ತು. ಸೊಪ್ಪು ಬಿಡಿಸಿಕೊಂಡ ಮೇಲೆ ಉಳಿಯುವ ಕಡ್ಡಿ, ಬೆಂಕಿಗೆ ಇಟ್ಟ ಕೂಡಲೇ ಹತ್ತಿಕೊಳ್ಳುತ್ತದೆ. ಅದನ್ನು ಮುಷ್ಟಿ ಮುಷ್ಟಿ ಕಟ್ಟು ಮಾಡಿ ಮನೆಮನೆಗೆ ಹೊತ್ತೆ. "ಕಡ್ಡಿ ತಕೊಳ್ಳಿ, ಮನೇಲಿರೋ ಕವರು ಕೊಡಿ. ಒಲೆಗೆ ಇದನ್ನೇ ಆಕಿ" ಎಂದೆ. ಮೊದಲು ಅಕ್ಕನ ಮನೆಗೇ ಹೋದೆ. ಹೊಗೆ ಹುಳಕ್ಕೆ ಆಗುವುದಿಲ್ಲವೆಂದು ಇಲಾಖೆಯವರು ಹೇಳಿದರು ಎಂದೆ. ಅದು ನಿಜ. ಸತ್ತದ್ದು ಯಾವ ಹೊಗೆಗೆ ಎಂಬುದನ್ನು ಮಾತ್ರ ನುಂಗಿಕೊಂಡೆ. ಅಕ್ಕ ನನ್ನ ಮುಖ ನೋಡದೆ ಕಡ್ಡಿ ಇಸಿದುಕೊಂಡು, ಇದ್ದಬದ್ದ ಕವರನ್ನೆಲ್ಲ ತಂದು ಕೊಟ್ಟಳು.

ಯಜಮಾನರ ಹಳೇ ಪಂಚೆ, ಹರಿದ ಚಾದರ ಎಲ್ಲ ಕತ್ತರಿಸಿ ಕೈಚೀಲ ಹೊಲಿದೆ, ಮನೆಗೊಂದರಂತೆ ಕೊಟ್ಟೆ. ದಿನಸಿ ಅಂಗಡಿಯವನು ಅಭ್ಯಾಸಬಲದಿಂದ ಸಕ್ಕರೆ ಕವರಿಗೆ ಸುರಿದರೆ ಅಲ್ಲೇ ನನ್ನ ಡಬ್ಬಿಗೆ ಬಗ್ಗಿಸಿಕೊಂಡು "ನಿನ್ ಕವರು ನೀನೇ ಮಡಿಕ್ಕೋ" ಎಂದು ವಾಪಸ್ಸು ಕೊಡುತ್ತಿದ್ದೆ. ನರಸೀಪುರದ ಸಂತೆಗೆ ಹೋದರೂ ಇದೇ ರಾಮಾಯಣ. "ಕವರಮ್ಮ ಬಂದ್ಳು ಕಣ್ರೋ" ಎಂದು ತರಕಾರಿಯವರು ನಗುತ್ತಿದ್ದರು. ನಗಲಿ. ಚೀಲ ಹಿಡಿದು ಬರುವವರು ಬೀದಿಯಲ್ಲಿ ನಾಲ್ಕು ಮನೆಯಾದರು, ಆಮೇಲೆ ಏಳಾದರು.

ಕೂಡಿಟ್ಟ ಕವರು ಏನು ಮಾಡುವುದು? ಗುಜರಿಯವನನ್ನು ಕೇಳಿದರೆ, "ಬಕೀಟು, ಕೊಡ ಇದ್ರೆ ಕೊಡಕ್ಕ. ಈ ತೆಳ್ಳನೇದು ಯಾರೂ ಮುಟ್ಟಲ್ಲ" ಎಂದ. ಎರಡು ಗೋಣಿಚೀಲ ತುಂಬಿ ಹಿತ್ತಲಲ್ಲಿ ಕೂತವು. "ಊರಿನ ಕಸಕ್ಕೆಲ್ಲ ನಮ್ ಇತ್ಲೇ ಬೇಕಾಗಿತ್ತಾ?" ಎಂದು ಯಜಮಾನರು ದಿನಕ್ಕೊಂದು ಸಲ ಕೇಳುತ್ತಿದ್ದರು.

ಹುಳ ನಾಲ್ಕನೇ ಜ್ವರದಿಂದ ಎದ್ದಿತು. ಇನ್ನೊಂದು ವಾರ ಕಳೆದರೆ ಗೂಡು. ಹೊಟ್ಟೆಬಾಕತನದಿಂದ ಮೇಯುವ ಹೊತ್ತು ಅದು, ಎಷ್ಟು ಸೊಪ್ಪು ತಂದರೂ ಸಾಲದು. ಮಟಮಟ ಮಧ್ಯಾಹ್ನ ನಾಲೆಯ ಹತ್ತಿರ ಸೊಪ್ಪು ಕೊಯ್ಯುತ್ತಿದ್ದವಳು ತಲೆ ಎತ್ತಿ ಊರ ಕಡೆ ನೋಡಿದರೆ ನಮ್ಮ ಹಿತ್ತಲಿನಿಂದ ಕಪ್ಪು ಹೊಗೆ ಏಳುತ್ತಿದೆ.

ಸೊಪ್ಪನ್ನು ಅಲ್ಲೇ ಬಿಸಾಡಿ ಓಡಿದೆ. ಓಡುತ್ತ ಯಾರ್‍ಯಾರನ್ನು ಬೈದೆನೋ ದೇವರಿಗೇ ಗೊತ್ತು.

ಹಿತ್ತಲಲ್ಲಿ ನಮ್ಮ ಯಜಮಾನರು ಕೋಲು ಹಿಡಿದು ಕಲ್ಲಿನಂತೆ ನಿಂತಿದ್ದರು. ಜಾಗ ಚೊಕ್ಕಟವಾಗಲಿ ಎಂದು ಗೋಣಿಚೀಲಗಳಿಗೆ ಬೆಂಕಿ ಇಟ್ಟದ್ದು ಅವರೇ. ಗಾಳಿ ಸೀದಾ ಹುಳಿನ ಮನೆಯ ಕಡೆಗೆ. ಆದರೆ ಬೆಂಕಿ ಆಗಲೇ ಆರುತ್ತಿತ್ತು. ಪಕ್ಕದ ಮನೆಯ ಅಕ್ಕ ಎಮ್ಮೆಗೆ ಇಟ್ಟಿದ್ದ ನೀರನ್ನೆಲ್ಲ ತಂದು ಸುರಿದಿದ್ದಳು. ಉರಿಯುತ್ತಿದ್ದ ಒಂದು ಚೀಲವನ್ನು ಕೈಯಲ್ಲೇ ಎಳೆದು ಆಚೆ ಹಾಕಿದ್ದಳು. ನಾನು ಬಂದಾಗ ನೆನೆಸಿದ ಗೋಣಿತಾಟುಗಳನ್ನು ಹುಳಿನ ಮನೆಯ ಕಿಟಕಿಗಳಿಗೆ ಕಟ್ಟುತ್ತಿದ್ದಳು. ಕರಗಿದ ಪ್ಲಾಸ್ಟಿಕ್ ತೊಟ್ಟಿಕ್ಕಿ ಬಲ ಮುಂಗೈ ಮೇಲೆ ಅಂಟಿಕೊಂಡು ಚರ್ಮ ಕಿತ್ತು ಬಂದಿತ್ತು. "ಮೊದ್ಲು ಉಳ ನೋಡೋಗಮ್ಮಿ" ಎಂದಳು.

ಕಿಟಕಿಯ ಪಕ್ಕದ ಮೂರು ತಟ್ಟೆ ಹೋದವು. ಉಳಿದದ್ದೆಲ್ಲ ಬದುಕಿತು. ಆರನೆಯ ದಿನಕ್ಕೆ ಹುಳಗಳು ಹಣ್ಣಾಗಿ ಹೊಂಬಣ್ಣಕ್ಕೆ ತಿರುಗಿದವು. ಹಣ್ಣಾದ ಹುಳವನ್ನು ಆರಿಸಿ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು, ತಡ ಮಾಡುವಂತಿಲ್ಲ. ಯಜಮಾನರು ಕರೆಯದೆ ಬಂದು ಕೂತರು. "ಗಿಡ ಸವರ್ಸದು ಯಾವಾಗ?" ಎಂದು ಕೇಳಿದರು. ಗಿಡ ಕೀಳಿಸುವ ಮಾತು ಅವರ ಬಾಯಲ್ಲಿ ಮತ್ತೆ ಬರಲಿಲ್ಲ. ಅಕ್ಕನೂ ಬಂದಳು. ಬಲಗೈಗೆ ಬಟ್ಟೆ ಸುತ್ತಿಕೊಂಡು ಎಡಗೈಯಲ್ಲೇ ಹುಳ ಆರಿಸುತ್ತ ನನ್ನ ಪಕ್ಕ ಕೂತಳು.

ತಟ್ಟೆಯಿಂದ ಕಣ್ಣೆತ್ತದೆ ಹೇಳಿದಳು. "ಓದ್ ಸಲ ಅಷ್ಟೊಂದು ಜೀವ ನನ್ ಒಲೆ ಒಗೆಗೆ ಸತ್ತೋದೋ. ಅವತ್ತಿಂದ ಒಂದಿನಾನೂ ನೆಟ್ಟಗೆ ನಿದ್ದೆ ಮಾಡಿಲ್ಲ ಕಣಮ್ಮಿ. ಇವಾದ್ರೂ ಉಳ್ಕಂಡೋ. ಈಗ ಸಮಾಧಾನಾಯ್ತು."

ನನ್ನ ಕೈ ನಿಂತುಹೋಯಿತು. ಇನ್ನೂ ಸುಮ್ಮನಿದ್ದರೆ ನಾನು ಮನುಷ್ಯಳೇ ಅಲ್ಲ ಅನಿಸಿತು.

"ನಿನ್ ಒಗೆಗಲ್ಲ ಅಕ್ಕ. ನಾನೇ ಸಾಯ್ಸಿದ್ದು. ಒಳಗೇ ಕವರಾಕಿ ಇದ್ದಿಲು ಅಚ್ಚಿದ್ದೆ. ಇಲಾಖೆಯವರು ಬಂದ ದಿನವೇ ನಂಗೆ ಗೊತ್ತಿತ್ತು."

ಯಜಮಾನರು ನನ್ನನ್ನೇ ದುರುಗುಟ್ಟಿಕೊಂಡು ನೋಡಿದರು. ಅಕ್ಕ ಕೈಯಲ್ಲಿದ್ದ ಹುಳವನ್ನು ಮೆಲ್ಲಗೆ ಚಂದ್ರಿಕೆಗೆ ಬಿಟ್ಟಳು. ಬೈಯಲಿ, ಹೊಡೆಯಲಿ ಎಂದು ಕಾದೆ. ಅವಳು ನನ್ನ ಕಡೆ ತಿರುಗಿದಳು.

"ಒಂದು ತಿಂಗ್ಳಿಂದ ನನ್ ಬಾಗ್ಲಿಗೆ ಕಡ್ಡಿ ತಂದು ಕೊಟ್ಟೋಯ್ತಿದ್ದೆ. ಒಂದು ಮಾತು ಏಳಕ್ಕೆ ಬಾಯಿ ಬರ್ನಿಲ್ವಾ ನಿಂಗೆ? ಬೈಯಕ್ಕೆ ಬಂತಲ್ಲ?"

"ತಪ್ಪಾಯ್ತು ಅಕ್ಕ. ಒಟ್ಟೆಗಾಕ್ಕೋ."

"ನಂಗೆ ಯಾಕೆ ಏಳ್ತೀಯಾ? ಬೀದೀಲಿ ನಿಂತು ಬೈದೆ, ಎಲ್ರೂ ಕೇಳುಸ್ಕಂಡ್ರು. ಎಲ್ರಿಗೂ ಏಳು. ಏಳು ಮೇಲೆ."

ಹುಳ ಆರಿಸುವ ಕೆಲಸವನ್ನು ಯಜಮಾನರಿಗೆ ಬಿಟ್ಟು ಎದ್ದೆ. ಒಂದೊಂದು ಬಾಗಿಲಿಗೂ ಹೋಗಿ, ನನ್ನ ಹುಳವನ್ನು ಕವರು ಸುಟ್ಟು ನಾನೇ ಕೊಂದದ್ದು, ಅಕ್ಕನದು ಏನೂ ತಪ್ಪಿಲ್ಲ, ಸುಟ್ಟರೆ ಏನಾಗುತ್ತೆ ಅಂತ ನನ್ನನ್ನು ನೋಡಿ ತಿಳಿದುಕೊಳ್ಳಿ ಎಂದು ಹೇಳಿದೆ. ಎರಡನೆಯ ಮನೆಗೇ ನನ್ನ ದನಿ ಬಿದ್ದುಹೋಗಿತ್ತು. ಕಡೆಯ ಎರಡು ಮನೆ ಬಿಟ್ಟು ತಿರುಗಿಬಿಡೋಣವೆಂದು ನೋಡಿದೆ. ನನ್ನ ಹಿಂದೆಯೇ ನಡೆದು ಬರುತ್ತಿದ್ದ ಅಕ್ಕ ಬಟ್ಟೆ ಸುತ್ತಿದ ಕೈಯನ್ನು ಮುಂದೆ ಚಾಚಿ, "ಇನ್ನೂ ಎರಡದೆ, ನಡಿ" ಎಂದಳು.