ಕಲಿಪಾಳ ಕುರಿಗಳ ಪಾಲು

ಮೂರು ದಿನದಿಂದ ಕಲಿಪಾ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಪ್ರಯೋಗಾಲಯದಿಂದ ತೊಟ್ಟಿಗೆ, ತೊಟ್ಟಿಯಿಂದ ಪ್ರಯೋಗಾಲಯಕ್ಕೆ ಓಡಾಡಿದ್ದೇ ಓಡಾಡಿದ್ದು. ಅವಳನ್ನು ಎಜೆ, ಅಕ್ಕ, ಎಂದು ಕರೆಯುವ ಗೇಟಿನ ಕಾವಲುಗಾರ ಮುಕಾಶ್ ನೋಡುವಷ್ಟು ನೋಡಿ ಕೇಳಿಯೇಬಿಟ್ಟ: "ಏನು ಎಜೆ, ಕಾಲಿಗೆ ಚಕ್ರ ಕಟ್ಕೊಂಡಿದೀರಾ? ಕುರಿಗಳು ಮೇಯ್ತಿದಾವೆ ತಾನೆ?"

"ಮೇಯ್ತಿದಾವೆ. ನೀನು ನಿನ್ನ ಗೇಟು ಕಾಯಿ."

ಕುರಿಗಳೆಂದರೆ ನಾಲ್ಕು ಕಾಲಿನವಲ್ಲ. ಚೂಯ್ ಕಣಿವೆಯ ಆ ಊರಿನ ಕೊಳಚೆಯೆಲ್ಲ ಬಂದು ಬೀಳುವ ತೊಟ್ಟಿಯ ಕಂದು ಕೆಸರಿನಲ್ಲಿ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವಗಳಿವೆ. ಊರಿನ ಹೊಲಸನ್ನು ತಿಂದು ನೀರನ್ನು ತಿಳಿ ಮಾಡುವುದು ಅವು, ಇಂಜಿನಿಯರುಗಳಲ್ಲ. ಕಲಿಪಾ ಕುರಿ ಕಾಯುವವನ ಮಗಳು. ಮೂವತ್ತೊಂದು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ಮೊದಲ ದಿನ ಸೂಕ್ಷ್ಮದರ್ಶಕದಲ್ಲಿ ಅವನ್ನು ನೋಡಿ, "ಅಯ್ಯೋ, ಇವು ಮೇಯ್ತಾ ಇದಾವೆ!" ಎಂದು ಕೂಗಿದ್ದಳು. ಅಂದಿನಿಂದ ಅವು ಅವಳ ಕುರಿಗಳು. ಈಗ ಅವಳೇ ಪ್ರಯೋಗಾಲಯದ ಮುಖ್ಯಸ್ಥೆ. ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡರೆ, "ನಿಮ್ಮದೇ ವಾಸನೆ ಕಣ್ರೀ, ನಾನು ಹೊತ್ಕೊಂಡು ತಿರುಗ್ತಿದೀನಿ ಅಷ್ಟೆ," ಅನ್ನುತ್ತಾಳೆ.

ಹೋದ ವರ್ಷ ಕುರ್ಮಾನ್ ಐತ್ ಬಲಿಹಬ್ಬ ಮುಗಿದ ಹತ್ತನೆಯ ದಿನ ಅವಳ ಕುರಿಗಳು ಸತ್ತವು. ಹಬ್ಬಕ್ಕೆ ಕಣಿವೆಯ ಮನೆಮನೆಯಲ್ಲೂ ಕೊಯ್ದ ಕುರಿಗಳ ತೊಗಲು ಒಟ್ಟಿಗೇ ಚರ್ಮದ ಕಾರ್ಖಾನೆಗೆ ಬರುತ್ತದೆ. ಅದನ್ನು ಹದ ಮಾಡುವ ಕ್ರೋಮಿಯಂ ಚರಂಡಿಗೆ ಇಳಿಯುತ್ತದೆ. ಆ ಬೆಳಿಗ್ಗೆ ಅವಳು ಗಾಜಿನ ಪಟ್ಟಿಯ ಮೇಲೆ ಕೆಸರಿನ ಒಂದು ಹನಿ ಹಾಕಿ ನೋಡಿದರೆ ಯಾವುದೂ ಅಲುಗಲಿಲ್ಲ. ಆರು ವಾರ ಕಪ್ಪು ನೀರು ಕಾಲುವೆಗೆ ಹರಿಯಿತು. ಕೆಳಗಿನ ಈರುಳ್ಳಿ ಹೊಲದವರು ಗೇಟಿಗೆ ಬಂದು ಅವಳ ಹೆಸರು ಹಿಡಿದೇ ಬೈದರು. ಬೈಯದೆ ಇನ್ನೇನು? ಕಾರ್ಖಾನೆ ಎಷ್ಟು ಬಿಡಬಹುದು ಎಂಬ ಹಾಳೆಯ ಕೆಳಗೆ ಇದ್ದದ್ದು ಅವಳ ಸಹಿ. ಅಂಕಿ ಮಾತ್ರ ಹಳೆಯ ಸರ್ಕಾರಿ ಪುಸ್ತಕದ್ದು, ಯಾವ ಊರಿನ ತೊಟ್ಟಿಯನ್ನೂ ನೋಡದೆ ಎಲ್ಲೋ ಕೂತು ಬರೆದದ್ದು. ಆ ನಾಚಿಕೆ ಅವಳಿಗೆ ಇನ್ನೂ ಹೋಗಿಲ್ಲ.

ಈ ವರ್ಷ ಮಿತಿಯನ್ನು ಅವಳೇ ಲೆಕ್ಕ ಹಾಕಬೇಕೆಂದು ನಗರಸಭೆ ಹೇಳಿತು. ಅವಳು ತೊಟ್ಟಿಯಿಂದ ಶುರುಮಾಡಿ ಹಿಂದಕ್ಕೆ ಲೆಕ್ಕ ಹಾಕಿದಳು. ತೊಟ್ಟಿ ದಿನಕ್ಕೆ ತಡೆಯುವುದು ಇಪ್ಪತ್ತು ಕಿಲೋ ಕ್ರೋಮಿಯಂ. ಮನೆಗಳಿಂದ, ಹಳೆಯ ಕೊಳವೆಗಳಿಂದ ಬರುವುದು ಮೂರು. ಉಳಿದ ಹದಿನೇಳನ್ನು ಔತಣದಲ್ಲಿ ಮಾಂಸದ ಮೂಳೆ ಹಂಚುವಂತೆ ಹಿರಿತನ ನೋಡಿ ಹಂಚಿದಳು. ಚರ್ಮದ ಕಾರ್ಖಾನೆ ಎಲ್ಲಕ್ಕಿಂತ ಹಳೆಯದು, ಅದಕ್ಕೆ ಹತ್ತು. ಲೋಹಕ್ಕೆ ಮೆರುಗು ಕೊಡುವವರಿಗೆ ನಾಲ್ಕು. ಉಣ್ಣೆಗೆ ಬಣ್ಣ ಹಾಕುವವರಿಗೆ ಮೂರು. ಚರ್ಮದ ಕಾರ್ಖಾನೆಯ ನಿರ್ದೇಶಕ ಜಪಾರ್ ಕರಡು ನೋಡಿ ಹಿಗ್ಗಿದ. "ಮರ್ಯಾದೆ ಗೊತ್ತಿರೋ ಮನೆಯ ಹೆಣ್ಣುಮಗಳು," ಎಂದು ಎಲ್ಲರೆದುರು ಹೊಗಳಿದ. ಅವಳ ಚಡಪಡಿಕೆ ಶುರುವಾದದ್ದು ಆ ಹೊಗಳಿಕೆಯಿಂದಲೇ. ಕೂಡಿದರೆ ಲೆಕ್ಕ ಸರಿ ಬರುತ್ತಿತ್ತು, ಮನಸ್ಸು ಮಾತ್ರ ಒಪ್ಪುತ್ತಿರಲಿಲ್ಲ. ಗುರುವಾರದ ಸಭೆಯಲ್ಲಿ ಸಹಿ ಹಾಕಿದರೆ ಮುಗಿಯಿತು. ಐತ್‌ಗೆ ಇದ್ದದ್ದು ಇಪ್ಪತ್ತೇ ದಿನ.

ಭಾನುವಾರ ತಂಗಿ ಅನಾರ್ಕಾನಳ ಮನೆಯಲ್ಲಿ ಔತಣ. ಅವಳ ಮೊಮ್ಮಗಳು ಮೊದಲ ಹೆಜ್ಜೆಯಿಟ್ಟಿದ್ದಳು, ಅದಕ್ಕೆ ಕುರಿ ಕೊಯ್ದಿದ್ದರು. ಅಳಿಯ ಯಾರಿಗೆ ಯಾವ ಮೂಳೆ ಎಂದು ತಪ್ಪದೆ ಹಂಚಿದ. ಕಲಿಪಾ ತಟ್ಟೆಯಲ್ಲಿದ್ದುದನ್ನು ಕೆದಕುತ್ತ ಕೂತಳು.

"ತಿನ್ನೇ ಅಕ್ಕ. ಹಂಗ್ಯಾಕೆ ನೋಡ್ತೀಯ, ಅದೇನು ನಿನ್ನ ಕೆಸರಾ?" ಎಂದಳು ಅನಾರ್ಕಾನ್. ಎಲ್ಲರೂ ನಕ್ಕರು.

ಅಷ್ಟರಲ್ಲಿ ನೆರೆಮನೆಯ ಮುದುಕಿ ತಡವಾಗಿ ಬಂದಳು. ಪಾತ್ರೆ ಬರಿದಾಗಿತ್ತು. ಅನಾರ್ಕಾನ್ ಒಂಚೂರೂ ಗಾಬರಿಯಾಗದೆ ಒಳಗೆ ಹೋಗಿ ಬಿಸಿ ಬಿಸಿ ಮೂಳೆ ತಂದಿಟ್ಟಳು. ಹೊರಡುವಾಗ ಎಲ್ಲರ ಕೈಗೂ ಒಂದೊಂದು ಚೀಲ ಕೊಟ್ಟಳು. ಬರಲಾಗದೆ ಮನೆಯಲ್ಲಿ ಉಳಿದವರ ಪಾಲು, ಕೆಶಿಕ್.

"ನನ್ನ ಮನೇಲಿ ಯಾರಿದಾರೆ ಅಂತ ಇದು?" ಎಂದಳು ಗಂಡ ತೀರಿಕೊಂಡು ಒಬ್ಬಳೇ ಇರುವ ಕಲಿಪಾ.

"ಯಾರಾದ್ರೂ ಇರಲಿ ಬಿಡಲಿ. ಹಂಚೋ ಮೊದ್ಲೇ ತೆಗೆದಿಟ್ಟಿದ್ದು, ಸುಮ್ನೆ ತಗೊಂಡ್ಹೋಗು."

ಹಂಚುವ ಮೊದಲೇ! ಕಲಿಪಾ ಚೀಲವನ್ನೇ ನೋಡಿದಳು. ಅವಳು ಹದಿನೇಳಕ್ಕೆ ಹದಿನೇಳನ್ನೂ ಹಂಚಿ ಕೈ ತೊಳೆದುಕೊಂಡಿದ್ದಳು. ಚೀಲ ಹಿಡಿದು ಬಸ್ಸಿಗೂ ಕಾಯದೆ ನಡೆದೇ ಹೊರಟಳು. ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡಳು.

ಗುರುವಾರ ಸಭೆಯಲ್ಲಿ ಅವಳು ಕೂರಲಿಲ್ಲ. "ಹಂಚಿಕೆ ತಪ್ಪಾಗಿದೆ. ತಪ್ಪು ನನ್ನದೇ," ಎಂದು ಹೊಸ ಹಾಳೆ ಇಟ್ಟಳು. ನಾಲ್ಕು ಕಿಲೋ ಯಾರಿಗೂ ಇಲ್ಲ. ಉಳಿದ ಹದಿಮೂರರಲ್ಲಿ ಚರ್ಮದ ಕಾರ್ಖಾನೆಗೆ ಏಳು, ಮಿಕ್ಕಿಬ್ಬರಿಗೆ ಮೊದಲಿನಷ್ಟೇ.

ಜಪಾರ್ ಮುಖ ಗಂಟಿಕ್ಕಿದ. "ತಟ್ಟೆಗೆ ಹಾಕಿದ ಮೂಳೇನ ವಾಪಸ್ ತಗೋತೀಯಾ ಕಲಿಪಾ? ನಿಮ್ಮಪ್ಪ ಇದ್ದಿದ್ರೆ ತಲೆ ತಗ್ಗಿಸ್ತಿದ್ದ."

"ನಮ್ಮಪ್ಪ ಇದ್ದಿದ್ರೆ ಮೊದ್ಲೇ ನನ್ನ ಕಿವಿ ಹಿಂಡ್ತಿದ್ದ, ಬಾಯ್ಕೆ," ಎಂದಳು, ಅಣ್ಣ ಎಂಬ ಮರ್ಯಾದೆ ಬಿಡದೆ. "ಕೆಶಿಕ್ ತೆಗೆದಿಡದೆ ಹಂಚಿದೀನಿ ನಾನು."

"ಎಲ್ಲರೂ ಇಲ್ಲೇ ಕೂತಿದೀವಿ. ಕೆಶಿಕ್ ಯಾರಿಗೆ? ಯಾರು ಬಂದಿಲ್ಲ?"

"ಐತ್ ಬಂದಿಲ್ಲ. ಅದು ಬಂದಾಗ ತಟ್ಟೆ ಖಾಲಿ ಇದ್ರೆ ನನ್ನ ಕುರಿಗಳನ್ನೇ ತಿನ್ನತ್ತೆ. ಹೋದ ವರ್ಷ ತಿಂತಲ್ಲ!"

ಮಾತು ಅಂಕಿಯ ಮೇಲಾಗಿದ್ದರೆ ಎಲ್ಲರೂ ಸಂಜೆಯವರೆಗೆ ಜಗಳವಾಡುತ್ತಿದ್ದರು. ಕೆಶಿಕ್ ಇಡಬೇಡ ಎಂದು ನಾಲ್ಕು ಜನರ ಮುಂದೆ ಹೇಳುವ ಧೈರ್ಯ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ.

ಜಪಾರ್ ಮಾತ್ರ ನಿಧಾನವಾಗಿ ಹೇಳಿದ: "ಕ್ರೋಮಿಯಂ ನೀರನ್ನೇ ಮತ್ತೆ ಬಳಸೋ ತೊಟ್ಟಿ ಕಟ್ಟಿಸ್ತೀನಿ. ಆದ್ರೆ ಅದು ಮುಗಿಯೋದು ಚಳಿಗಾಲಕ್ಕೆ. ಅಲ್ಲೀವರೆಗೆ ಎರಡನೇ ಪಾಳಿ ಬಂದ್. ಆ ಪಾಳೀಲಿ ಯಾರಿದಾರೆ ಗೊತ್ತಲ್ಲ ನಿನಗೆ?"

ಗೊತ್ತಿತ್ತು. ಅನಾರ್ಕಾನ್ ಹತ್ತೊಂಬತ್ತು ವರ್ಷದಿಂದ ಅದೇ ಪಾಳಿಯಲ್ಲಿದ್ದಳು. ಕಲಿಪಾಗೆ ಭಯವಾಯಿತು. ಕುರಿ ಸತ್ತ ಬೆಳಗಿನ ಆ ಹನಿ ಕಣ್ಣಮುಂದೆ ಬಂತು. ಸಹಿ ಹಾಕಿದಳು.

ಸಂಜೆ ತಂಗಿಯ ಫೋನು ಬಂತು. "ಮನೆ ಮಂದಿಗಿಂತ ನಿನಗೆ ನಿನ್ನ ಹುಳಗಳೇ ಹೆಚ್ಚಾದ್ವು ಅಲ್ವಾ?" ಎಂದವಳು ಉತ್ತರಕ್ಕೂ ಕಾಯದೆ ಇಟ್ಟುಬಿಟ್ಟಳು. ಕಲಿಪಾ ಮತ್ತೆ ಮತ್ತೆ ಫೋನು ಮಾಡಿದಳು. ಅನಾರ್ಕಾನ್ ಎತ್ತಲಿಲ್ಲ.

ಐತ್ ಬಂತು. ಪ್ರತಿವರ್ಷ ಮಧ್ಯಾಹ್ನದೊಳಗೆ ಬರುತ್ತಿದ್ದ ತಂಗಿಯ ಮನೆಯ ಚೀಲ ಈ ಸಲ ಬರಲಿಲ್ಲ. ಮರುದಿನದಿಂದ ತೊಗಲಿನ ಲಾರಿಗಳು ಬರತೊಡಗಿದವು. ಎರಡು ಗಂಟೆಗೊಮ್ಮೆ ನೀರು ತೆಗೆದು ನೋಡಿದಳು. ಚರಂಡಿಯಲ್ಲಿ ಕ್ರೋಮಿಯಂ ಅಂಕಿ ಏರಿತು, ಹದಿನೇಳು ಮುಟ್ಟಿತು, ಏಳನೆಯ ದಿನ ಹತ್ತೊಂಬತ್ತೂವರೆಗೆ ಬಂದು ನಿಂತಿತು. ಮುಕಾಶ್ ತಮಾಷೆ ಮಾಡುವುದನ್ನೇ ಬಿಟ್ಟ.

ಹತ್ತನೆಯ ಬೆಳಿಗ್ಗೆ ಗಾಜಿನ ಮೇಲೆ ಹನಿ ಹಾಕಿದಳು. ಕಣ್ಣಿಟ್ಟು ನೋಡಿದಳು. ಮಂದವಾಗಿದ್ದವು, ಕೆಲವು ಮುದುಡಿಕೊಂಡಿದ್ದವು, ಆದರೆ ಮೇಯುತ್ತಿದ್ದವು.

ಬಾಗಿಲಲ್ಲಿ ಮುಕಾಶ್ ಕೆಮ್ಮಿದ. ಅವನ ಕೈಯಲ್ಲಿ ಒಂದು ಚೀಲವಿತ್ತು. "ನಿಮ್ಮ ತಂಗಿ ಗೇಟಿಗೆ ಬಂದು ಕೊಟ್ಟೋದ್ರು. ಹಬ್ಬದಿಂದ ಹತ್ತು ದಿನ ಫ್ರಿಜ್ಜಲ್ಲಿ ಇಟ್ಟಿದ್ರಂತೆ."

"ಒಳಗೆ ಬರಲಿಲ್ವಾ?"

"ಇಲ್ಲ ಎಜೆ. ನಿಮ್ಮ ಮೇಲೆ ಕೋಪ ಇನ್ನೂ ಇದೆಯಂತೆ. ಇದು ಅಕ್ಕನಿಗಲ್ಲ, ಅವಳ ಕುರಿಗಳ ಪಾಲು ಅಂತ ಹೇಳು ಅಂದ್ರು."

ಕಲಿಪಾ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಳು. ಅಳು ಬಂತು, ಮುಕಾಶ್ ಎದುರಿಗೇ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಗಂಟು ಬಿಚ್ಚಿದಳು.