ಕರೆಂಟಿಗೆ ವಿಶ್ರಾಂತಿ ಕೊಡುವ ಮಾವ

ಊರಿಗೆ ನೀರು ಏರಿಸುವ ಪಂಪ್‌ಹೌಸಿನಲ್ಲಿ ಹ್ಯಾಂಡಲ್ ಎಳೆಯುವ ಕೆಲಸಕ್ಕೆ ಸೇರಿ, ಎಳೆಯುತ್ತ ಎಳೆಯುತ್ತಲೇ ತಲೆ ನೆರೆತು ಮನೆಗೆ ಬಂದ ಮನುಷ್ಯ ಅವನು. ಹ್ಯಾಂಡಲ್ ಮೇಲೆತ್ತಿದರೆ ಮೋಟಾರು ಓಡುತ್ತದೆ, ಕೆಳಗೆ ಎಳೆದರೆ ನಿಲ್ಲುತ್ತದೆ. ಇಷ್ಟೇ ವಿದ್ಯೆ. ಕಲಿಯಲು ಒಂದು ಬೆಳಗು ಸಾಕಿತ್ತು. ಅವನು ಒಂದು ಜನ್ಮ ತೆಗೆದುಕೊಂಡ, ಸಾಲದ್ದಕ್ಕೆ ಅದನ್ನೇ ಸಿದ್ಧಾಂತ ಮಾಡಿಕೊಂಡ. ಓಣಿಯವರು ಎದುರಿಗೆ ‘ಪಂಪ್‌ಹೌಸ್ ಸಾಹೇಬರು’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಹ್ಯಾಂಡಲ್’ ಎನ್ನುತ್ತಿದ್ದರು. ಸೊಸೆ ಬಾಯಲ್ಲಿ ಮಾವ ಎನ್ನುತ್ತಿದ್ದಳು. ಮನಸ್ಸಿನಲ್ಲಿ ಅವಳಿಗೂ ಅವನು ಹ್ಯಾಂಡಲ್ಲೇ.

ಯಂತ್ರ ಕೆಡುವುದು ಆಯಾಸದಿಂದ ಎನ್ನುವುದು ಹ್ಯಾಂಡಲ್ ಸಿದ್ಧಾಂತ. ಅದಕ್ಕೇ ದಿನವೂ ಮಧ್ಯಾಹ್ನ ಊಟ ಮುಗಿಸಿ, ಕೈ ಒರೆಸಿಕೊಂಡು, ಬಾಗಿಲ ಹಿಂದಿನ ಮೇನ್ ಸ್ವಿಚ್ಚನ್ನು ಕೆಳಗೆ ಎಳೆಯುತ್ತಿದ್ದ. ತಾನು ಗೊರಕೆ ಹೊಡೆದು ಏಳುವವರೆಗೆ ಮನೆಯ ಲೈನಿಗೂ ವಿಶ್ರಾಂತಿ. ಫ್ರಿಜ್ಜಿನಲ್ಲಿ ಹಾಲು ಒಡೆದರೆ ಹಾಲಿನವನು ಕಳ್ಳ. ಬಲ್ಬು ಸುಟ್ಟರೆ ಬಲ್ಬಿನ ಕಂಪನಿ ಕಳ್ಳ. ಅತ್ತೆ ಬದುಕಿದ್ದಷ್ಟು ಕಾಲ ರಟ್ಟಿನಲ್ಲಿ ಗಾಳಿ ಬೀಸಿಕೊಂಡಳೇ ಹೊರತು ಒಂದು ಮಾತು ಆಡಲಿಲ್ಲ. ಬಸ್ಸು ಓಡಿಸುವ ಮಗನೂ ಅಷ್ಟೆ. “ಅಪ್ಪ ಹಂಗೇ ಕಣೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊ” ಎನ್ನುತ್ತಿದ್ದ. ಅಷ್ಟು ದೊಡ್ಡ ಬಸ್ಸಿಗೆ ಬ್ರೇಕು ಹಾಕುವವನಿಗೆ ಅಪ್ಪನ ಒಂದು ಕೈಗೆ ಬ್ರೇಕು ಹಾಕಲು ಬರುತ್ತಿರಲಿಲ್ಲ.

ಸೊಸೆಯದು ನಕ್ಷೆ ಬರೆಯುವ ಕೆಲಸ. ಬೀರು, ಮೇಜು, ಡ್ರಾಯರುಗಳನ್ನು ಲ್ಯಾಪ್‌ಟಾಪಿನಲ್ಲಿ ಬರೆದು ಅಳತೆ ಕೊಟ್ಟರೆ ಬಡಗಿ ಹಲಗೆ ಕೊಯ್ಯುತ್ತಾನೆ. ಇಷ್ಟು ವರ್ಷ ಒಂದು ಅಂಗಡಿಯವನ ಕೈಕೆಳಗೆ ದುಡಿದು, ಹೆಸರೆಲ್ಲ ಅವನಿಗೇ ಒಪ್ಪಿಸಿ, ಈಗ ತನ್ನದೇ ಎನ್ನುವ ಮೊದಲ ಕೆಲಸ ಹಿಡಿದಿದ್ದಳು. ಹಲ್ಲಿನ ಡಾಕ್ಟರೊಬ್ಬರ ಹೊಸ ಕ್ಲಿನಿಕ್ಕು. ಆ ದಿನ ಸಂಜೆಯೊಳಗೆ ಅಳತೆ ಕೊಡದಿದ್ದರೆ ಬಡಗಿ ಬೇರೆ ಕೆಲಸಕ್ಕೆ ಕೈ ಹಾಕುತ್ತಾನೆ. ಡಾಕ್ಟರು ಕಾಯುವವರಲ್ಲ, ಹಳೆಯ ಅಂಗಡಿಯವನಿಗೇ ಫೋನು ಮಾಡುತ್ತಾರೆ. ಅವನು ಬಾಯಿ ತೆರೆದುಕೊಂಡೇ ಕೂತಿದ್ದ.

ಬೆಳಿಗ್ಗೆಯೇ ನಕ್ಷೆ ತಿದ್ದಿ ಮುಗಿಸಿದ್ದಳು. ಕಳಿಸಬೇಕು ಎನ್ನುವಷ್ಟರಲ್ಲಿ ಲ್ಯಾಪ್‌ಟಾಪು ತಾನೇ ಆರಿ, ತಾನೇ ಹೊತ್ತಿಕೊಂಡು ಅಪ್‌ಡೇಟಿಗೆ ಕೂತಿತು. ಎಷ್ಟೋ ದಿನದಿಂದ ‘ಆಮೇಲೆ, ಆಮೇಲೆ’ ಎಂದು ಮುಂದೂಡಿದ್ದಕ್ಕೆ ಸೇಡು ತೀರಿಸಿಕೊಂಡ ಹಾಗೆ. ಅದರ ಬ್ಯಾಟರಿ ಎಂದೋ ಸತ್ತಿತ್ತು. ಗೋಡೆಯ ವೈರು ಅದಕ್ಕೆ ಹೊಕ್ಕುಳ ಬಳ್ಳಿ. ಕತ್ತರಿಸಿದರೆ ಆ ಕ್ಷಣವೇ ಉಸಿರು ನಿಲ್ಲುತ್ತಿತ್ತು. ಅದಕ್ಕೇ ಮಾವನಿಗೆ ಊಟಕ್ಕೆ ಬಡಿಸುತ್ತಲೇ ಹೇಳಿದಳು.

“ಮಾವ, ಇವತ್ತೊಂದಿನ ಮೇನ್ ಮುಟ್ಬೇಡಿ. ಲ್ಯಾಪ್‌ಟಾಪ್ ಅಪ್‌ಡೇಟ್ ಆಗ್ತಿದೆ. ನಡುವೆ ಕರೆಂಟ್ ಹೋದ್ರೆ ಕೆಟ್ಟೋಗತ್ತೆ.”

“ಗೊತ್ತು ಗೊತ್ತು. ಊರಿಗೆಲ್ಲ ನೀರು ಕುಡಿಸ್ದೋನಿಗೆ ಕರೆಂಟಿನ ಪಾಠ ಹೇಳ್ತೀಯೇನಮ್ಮ?”

ಅವಳು ಪಾತ್ರೆ ತೊಳೆಯುತ್ತಿದ್ದಳು. ಫ್ರಿಜ್ಜಿನ ಗುಂಯ್ ಸದ್ದು ನಿಂತಿತು. ಸೋಪಿನ ಕೈಯಲ್ಲೇ ಓಡಿ ಬಂದರೆ ಹ್ಯಾಂಡಲ್ ಮೇನ್ ಸ್ವಿಚ್ಚಿನ ಕೆಳಗೆ ನಿಂತು ಮೀಸೆ ಒರೆಸಿಕೊಳ್ಳುತ್ತಿದ್ದ.

“ಮಾವ! ಏನ್ ಮಾಡಿದ್ರಿ?”

“ನಿನ್ನ ಲ್ಯಾಪ್‌ಟಾಪ್ ಮುಟ್ಟಿ ನೋಡ್ದೆ. ಬಾಣಲೆ ಥರ ಸುಡ್ತಿತ್ತು. ಬೆಳಗ್ಗಿಂದ ದುಡೀತಿದೆ, ಪಾಪ. ಒಂದ್ ಗಳಿಗೆ ಸುಧಾರಿಸ್ಕೊಳ್ಲಿ, ಆಮೇಲ್ ನೋಡು, ಕುದುರೆ ಥರ ಓಡತ್ತೆ.”

ಕುದುರೆ ಓಡಲಿಲ್ಲ. ಸ್ವಿಚ್ಚು ಮೇಲೆತ್ತಿದಾಗ ಪರದೆಯ ಮೇಲೆ ಚುಕ್ಕಿಗಳು ಸುತ್ತಿದವು, ಕಪ್ಪಾಯಿತು, ಮತ್ತೆ ಚುಕ್ಕಿಗಳು ಸುತ್ತಿದವು. ಗಾಣದೆತ್ತು ಸುತ್ತಿದರೆ ಒಂದು ತೊಟ್ಟು ಎಣ್ಣೆಯಾದರೂ ಬರುತ್ತದೆ. ಇಲ್ಲಿ ಬಂದದ್ದು ನೀಲಿ ಪರದೆ ಮತ್ತು ಕ್ಷಮೆ ಕೇಳುವ ಒಂದು ಸಾಲು. ಸೊಸೆ ಫೋನು ತೆಗೆದು ಓದತೊಡಗಿದಳು. ಪೆನ್‌ಡ್ರೈವು, ಮೌಸು ಎಲ್ಲ ಕಿತ್ತಳು. ರಿಪೇರಿ ಪರದೆಗೆ ಹೋಗಿ ‘ತಾನೇ ಸರಿಪಡಿಸು’ ಎನ್ನುವುದನ್ನು ಒತ್ತಿದಳು. ಅದು ಹುಡುಕಾಡಿ, ತನ್ನ ಕೈಲಾಗದು ಎಂದಿತು. ಅಷ್ಟು ಹೊತ್ತೂ ಹ್ಯಾಂಡಲ್ ಅವಳ ಭುಜದ ಹಿಂದೆಯೇ.

“ಬೆನ್ ಮೇಲೊಂದು ತಟ್ಟು.”

“ಇದು ಮಗು ಅಲ್ಲ ಮಾವ, ತೇಗು ಬರಕ್ಕೆ.”

“ಹಂಗಾದ್ರೆ ಲೈನಲ್ಲೇ ದೋಷ. ಇನ್ನೊಂದ್ಸಲ ಇಳಿಸಿ ಏರಿಸ್ತೀನಿ, ತಡಿ.”

“ಕಾಲಿಗೆ ಬೀಳ್ತೀನಿ, ಸುಮ್ನಿರಿ!”

ಉಳಿದಿದ್ದು ಒಂದೇ ದಾರಿ: ಅರ್ಧ ಕೂತ ಅಪ್‌ಡೇಟನ್ನು ಕಿತ್ತುಹಾಕಿ, ಹಳೆಯ ಸ್ಥಿತಿಗೆ ಮರಳಿಸುವುದು. ಅದಕ್ಕೆ ಹೊತ್ತು ಹಿಡಿಯುತ್ತದೆ, ನಡುವೆ ಇನ್ನೊಮ್ಮೆ ಕರೆಂಟು ಹೋದರೆ ಫೈಲುಗಳ ಆಸೆ ಬಿಡಬೇಕು ಎಂದು ಫೋನಿನಲ್ಲಿ ಬರೆದಿತ್ತು. ಲ್ಯಾಪ್‌ಟಾಪು ಒಳಕೋಣೆಯಲ್ಲಿ, ಮೇನ್ ಸ್ವಿಚ್ಚು ಬಾಗಿಲ ಹಿಂದೆ. ಎರಡನ್ನೂ ಕಾಯಲು ಅವಳೇನು ಸೀಳಿಕೊಂಡು ನಿಲ್ಲುವುದೇ? ಮನೆಯಲ್ಲಿ ಆ ಗುಂಡಿ ಒತ್ತಲಿಲ್ಲ. ವೈರು ಸುತ್ತಿ, ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು, ಚಪ್ಪಲಿ ಮೆಟ್ಟಿ ಬಡಗಿಯ ಶೆಡ್ಡಿಗೆ ನಡೆದಳು.

“ಏನಕ್ಕಾ, ನಕ್ಷೆ ತಂದ್ರಾ?” ಎಂದ ಬಡಗಿ, ಕಿವಿಯ ಪೆನ್ಸಿಲು ತೆಗೆಯುತ್ತ.

“ಇದ್ರೊಳಗಿದೆ ಮೇಸ್ತ್ರಿ. ಇದೇ ಎದ್ದಿಲ್ಲ.”

“ಎಬ್ಬಿಸ್ಕೊಳ್ಳಿ, ಮೂಲೆಲಿ ಪ್ಲಗ್ ಇದೆ. ಆದ್ರೆ ಕತ್ಲೆ ಆಗೋದ್ರೊಳಗೆ ಅಳತೆ ಸಿಗ್ಲಿಲ್ಲ ಅಂದ್ರೆ ನಾನು ಬೇರೆಯವ್ರ ಹಲಗೆ ಎತ್ಕೋತೀನಿ. ಆಮೇಲೆ ಬೈಕೋಬೇಡಿ.”

ಮರದ ಹೊಟ್ಟು ಊದಿ, ಹಲಗೆಯ ತುಂಡೊಂದರ ಮೇಲೆ ಲ್ಯಾಪ್‌ಟಾಪಿಟ್ಟು, ವೈರು ಚುಚ್ಚಿ, ಮರಳಿಸುವ ಗುಂಡಿ ಒತ್ತಿದಳು. ‘ಬದಲಾವಣೆಗಳನ್ನು ಹಿಂದೆಗೆಯಲಾಗುತ್ತಿದೆ, ಆಫ್ ಮಾಡಬೇಡಿ’ ಎಂದಿತು. ಅವಳು ಉಗುರು ಕಚ್ಚುತ್ತ ಕೂತಳು. ಬಡಗಿ ಗರಗಸದ ಮೋಟಾರು ಹಾಕಿ ಹಲಗೆ ಕೊಯ್ಯತೊಡಗಿದ.

ಆಗ ಶೆಡ್ಡಿನ ಬಾಗಿಲಲ್ಲಿ ಹ್ಯಾಂಡಲ್ ಕಾಣಿಸಿಕೊಂಡ. ಏದುಸಿರು ಬೇರೆ. ತಾನಿಲ್ಲದೆ ಒಂದು ಯಂತ್ರ ಸರಿಹೋಗಿಬಿಟ್ಟರೆ ಈ ಬದುಕಿಗೇನು ಅರ್ಥ? ಒಳಗೆ ಬಂದವನೇ ಕಿವಿ ನಿಮಿರಿಸಿ ಗರಗಸದ ಸದ್ದು ಕೇಳಿದ.

“ಮೋಟಾರು ತೇಕ್ತಿದೆಯಲ್ಲಪ್ಪ ಮೇಸ್ತ್ರಿ! ಸುಟ್ಟೋಗತ್ತೆ!” ಎಂದು ಗೋಡೆಯ ಸ್ವಿಚ್‌ಬೋರ್ಡಿಗೆ ಕೈ ಚಾಚಿದ. ಗರಗಸಕ್ಕೂ ಲ್ಯಾಪ್‌ಟಾಪಿಗೂ ಅದೇ ಬೋರ್ಡು. ಸೊಸೆಯ ಬಾಯಿಂದ “ಮಾವ” ಎನ್ನುವುದಷ್ಟೇ ಹೊರಬಂತು.

“ಏಯ್! ಕೈ ತೆಗೀರಿ ಅಲ್ಲಿಂದ!”

ಬಡಗಿಯ ಗುಡುಗಿಗೆ ಮಾಡಿನ ತಗಡು ನಡುಗಿತು. ಹ್ಯಾಂಡಲ್ ಕೈ ಗಾಳಿಯಲ್ಲೇ ನಿಂತಿತು.

“ಹಲಗೆ ಅರ್ಧ ಕೊಯ್ದಿರೋವಾಗ ಗರಗಸ ನಿಂತ್ರೆ ಬ್ಲೇಡು ಅಲ್ಲೇ ಕಚ್ಕೊಳ್ಳತ್ತೆ. ಮತ್ತೆ ಹಾಕ್ದಾಗ ಹಲಗೆ ನನ್ನ ಎದೆಗೇ ಹಾರತ್ತೆ. ಏನ್ ಗೊತ್ತು ಅಂತ ಕೈ ಹಾಕ್ತೀರಿ ಯಜಮಾನ್ರೇ?”

“ಅಲ್ಲಪ್ಪ, ನಾನು ಪಂಪ್‌ಹೌಸಲ್ಲಿ...”

“ಹಂಗಾದ್ರೆ ಅಲ್ಲೇ ಇರ್ಬೇಕಿತ್ತು. ಕೂತ್ಕೊಳ್ಳಿ ಆ ಸ್ಟೂಲ್ ಮೇಲೆ. ಕೈ ಎರಡೂ ತೊಡೆ ಮೇಲಿರ್ಲಿ, ನಂಗೆ ಕಾಣ್ಬೇಕು.”

ಮತ್ತು ಅವನು ಕೂತ! ಕೈ ಎರಡೂ ತೊಡೆಯ ಮೇಲಿಟ್ಟು, ಹಲ್ಲು ಕೀಳಿಸಿಕೊಳ್ಳಲು ಬಂದವನ ಹಾಗೆ ಕೂತ. ಸೊಸೆ ಕಣ್ಣು ಪಿಳುಕಿಸದೆ ನೋಡಿದಳು. ಇಷ್ಟೇ ಆಗಿತ್ತೇ? ಅತ್ತೆ ಜೀವಮಾನವಿಡೀ ಬೆವರಿದ್ದು, ಗಂಡ ಅಡ್ಜಸ್ಟ್ ಅಡ್ಜಸ್ಟ್ ಎಂದು ಜಪ ಮಾಡಿದ್ದು, ತಾನು ಒಡೆದ ಹಾಲು ಚೆಲ್ಲಿ ಚೆಲ್ಲಿ ಸುಸ್ತಾದದ್ದು, ಎಲ್ಲ ಈ ಪುಕ್ಕಲನಿಗೆ ಹೆದರಿಯೇ? ಅವಳಿಗೆ ಅವನ ಮೇಲೆ ಕನಿಕರ ಹುಟ್ಟಲಿಲ್ಲ. ಹುಟ್ಟಿದ ತಾತ್ಸಾರದಲ್ಲಿ ಅವಳಿಗೂ ಅವಳ ಗಂಡನಿಗೂ ಒಳ್ಳೆಯ ಪಾಲಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಪರದೆ ಒಮ್ಮೆ ಕಪ್ಪಾಗಿ, ಹಳೆಯ ಚಿತ್ರ ತೋರಿಸಿತು. ಫೈಲು ತೆರೆದಳು. ನಕ್ಷೆ ಇತ್ತು, ಬೆಳಿಗ್ಗೆ ತಿದ್ದಿದ ಕೊನೆಯ ಡ್ರಾಯರಿನ ಸಮೇತ. ಮೊದಲು ತನ್ನ ಫೋನಿಗೂ ಬಡಗಿಯ ಫೋನಿಗೂ ಕಳಿಸಿದಳು, ಆಮೇಲೆ ಉಸಿರು ಬಿಟ್ಟಳು.

“ಬಂತಾ ಅಕ್ಕಾ? ಹೇಳಿ ಮತ್ತೆ, ದೊಡ್ಡ ಬೀರಿಂದ ಶುರು ಮಾಡಣ.”

ಸ್ಟೂಲಿನ ಮೇಲಿಂದ ಹ್ಯಾಂಡಲ್ ಅರ್ಧ ಎದ್ದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. “ನೋಡಿದ್ಯೇನಮ್ಮ, ಮಧ್ಯಾಹ್ನ ರೆಸ್ಟ್ ಕೊಟ್ಟಿದ್ದಕ್ಕೇ ಈಗ ಎದ್ದಿದ್ದು. ಸ್ವಲ್ಪ ಬಿಸಿ ಆಗಿರತ್ತೆ, ಒಂದ್ ಗಳಿಗೆ...”

“ಕೂತ್ಕೊಳ್ಳಿ ಮಾವ.”

ತಲೆ ಎತ್ತದೆಯೇ ಹೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿಗೂ ಒಂದು ಯೋಗ್ಯತೆ ಬೇಕು. ಅವನು ಕೂತ. ಅವಳು ಬೀರುವಿನ ಎತ್ತರ ಓದಿದಳು, ಬಡಗಿ ಹಲಗೆಯ ಮೇಲೆ ಗೆರೆ ಎಳೆದ.