ಕೊಲೊನೊಸ್ಕೋಪಿಯ ಹಿಂದಿನ ದಿನ

ಐವತ್ತು ತುಂಬಿದವರೆಲ್ಲ ಕರುಳಿನ ಕ್ಯಾನ್ಸರ್ ಇದೆಯೋ ಇಲ್ಲವೋ ಒಮ್ಮೆ ನೋಡಿಸಿಕೊಳ್ಳಬೇಕು ಎಂದು ನಮ್ಮ ಫ್ಯಾಮಿಲಿ ಡಾಕ್ಟರು ಮೂರು ವರ್ಷ ಹೇಳಿದರು. ಮೂರು ವರ್ಷವೂ ನಾನು ತಲೆಯಾಡಿಸಿ ಮನೆಗೆ ಬಂದೆ. ಧೈರ್ಯಸ್ಥೆ ಎಂದಲ್ಲ. ನಮ್ಮ ಊರು ಪಾರ್ಸಿಪನಿಯಲ್ಲಿ ಹಿಮ ಬೀಳುತ್ತದೆಂದು ಟೀವಿಯವರು ಹೇಳುವ ಮೊದಲೇ ಹಾಲು, ಬ್ರೆಡ್ಡು, ಬ್ಯಾಟರಿ ತಂದಿಡುವ ಹೆಂಗಸು ನಾನು. ಕಾರಿನಿಂದ ಹೊಸ ಸದ್ದೊಂದು ಬಂದರೆ ವಿಲ್ ಬರೆಯುವ ಯೋಚನೆ ಮಾಡುವವಳು. ಆದರೆ ಈ ಒಂದು ವಿಷಯಕ್ಕೆ ಚಿಂತೆಯ ಸ್ಟಾಕ್ ಉಳಿದಿರಲಿಲ್ಲ. ಎಲ್ಲ ಸಂಧಿವಾತಕ್ಕೆ ಖರ್ಚಾಗಿತ್ತು.

ನಲವತ್ತೊಂದಕ್ಕೇ ಹತ್ತಿಕೊಂಡ ಸಂಧಿವಾತ. ಬೆರಳು, ಮಣಿಕಟ್ಟು, ಮಂಡಿ. ಎರಡು ತಿಂಗಳಿಗೊಮ್ಮೆ ಸ್ಪೆಷಲಿಸ್ಟು, ಪ್ರತಿಸಲವೂ ನಾಲ್ಕು ಟ್ಯೂಬು ರಕ್ತ. ಇಷ್ಟೊಂದು ರಕ್ತ ತೆಗೆಯುತ್ತಾರಲ್ಲ, ಬೇರೆ ಏನಾದರೂ ಇದ್ದಿದ್ದರೆ ಅದರಲ್ಲೇ ಕಾಣುತ್ತಿರಲಿಲ್ಲವೇ ಎಂಬುದು ನನ್ನ ವಾದ. ಹಾಗೆಲ್ಲ ಕಾಣುವುದಿಲ್ಲ ಎಂದು ಫ್ಯಾಮಿಲಿ ಡಾಕ್ಟರು ಶುರು ಮಾಡುವಷ್ಟರಲ್ಲಿ ಮಂಡಿಯ ವಿಷಯ ಬಂದು, ಅವರ ಹದಿನೈದು ನಿಮಿಷ ಮುಗಿದಿರುತ್ತಿತ್ತು. ಜೊತೆಗೆ, ಒಬ್ಬರಿಗೆ ಒಂದೇ ರೋಗ, ನನ್ನ ರೇಷನ್ ನನಗೆ ಬಂದಾಗಿದೆ ಎಂಬ ಹುಚ್ಚು ನಂಬಿಕೆ ಬೇರೆ.

ನಿಜವಾದ ಕಾರಣ ಇದ್ಯಾವುದೂ ಅಲ್ಲ. ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಈ ಪರೀಕ್ಷೆಯ ಹಿಂದಿನ ದಿನ ಏನೂ ತಿನ್ನದೆ, ಒಂದು ಕ್ಯಾನು ಔಷಧಿ ಕುಡಿದು ಹೊಟ್ಟೆ ಪೂರ್ತಿ ಖಾಲಿ ಮಾಡಿಕೊಳ್ಳಬೇಕು. ಬಾತ್‌ರೂಮಿನ ಹತ್ತಿರವೇ ಇರಿ ಎಂದು ಸೂಚನೆಯ ಹಾಳೆಯಲ್ಲಿತ್ತು. ಹತ್ತಿರ ಇದ್ದರೆ ಸಾಕೆ? ಸೋಫಾದಿಂದ ಏಳಲು ನನಗೆ ಎರಡು ಪ್ರಯತ್ನ ಬೇಕು. ಸಲ್ವಾರಿನ ಲಾಡಿ ಬಿಚ್ಚಲು ಐದು ನಿಮಿಷ. ಕೈಕಾಲು ಇಷ್ಟು ಹದಗೆಟ್ಟಿದೆ ಎಂದು ಗಂಡನಿಗೂ ಗೊತ್ತಿರಲಿಲ್ಲ. ಅವರು ಏಳೂಕಾಲಿಗೆ ಮ್ಯಾನ್‌ಹ್ಯಾಟನ್ ಬಸ್ಸು ಹತ್ತಿದ ಮೇಲೆಯೇ ನಾನು ಹಾಸಿಗೆಯಿಂದ ಇಳಿಯುತ್ತಿದ್ದೆ.

ಬ್ಯಾಂಕುಗಳು ಒಂದರ ಹಿಂದೊಂದು ಮುಳುಗಿದ ಆ ಚಳಿಗಾಲ, ಅವರ ಬ್ಯಾಂಕಿನಲ್ಲಿ ಇಡೀ ಫ್ಲೋರನ್ನೇ ಲೇಆಫ್ ಮಾಡಿದರು. ಆ ಕೆಲಸದಿಂದಲೇ ಸಿಗುತ್ತಿದ್ದ ನಮ್ಮ ಮೆಡಿಕಲ್ ಇನ್ಶೂರೆನ್ಸ್ ತಿಂಗಳ ಕೊನೆಯವರೆಗೆ ಮಾತ್ರ. ಮನೆಗೆ ಬಂದವರು ಕೋಟು ಬಿಚ್ಚುವ ಮೊದಲೇ ಕೇಳಿದರು: "ನಿಂದು ಆ ಟೆಸ್ಟ್ ಒಂದು ಬಾಕಿ ಇತ್ತಲ್ಲ?"

"ಕೆಲಸ ಹೋದ ದಿನ ನನ್ನ ಕರುಳಿನ ಮಾತು ಯಾಕ್ರೀ?"

"ಇನ್ನು ಮೂರು ವಾರ ಇದೆ ಕಣೇ. ಆಮೇಲೆ ಯಾರು ಮಾಡ್ತಾರೆ?"

ತಿಂಗಳು ಮುಗಿಯಲು ಎರಡು ದಿನ ಉಳಿದಿರುವ ದಿನಕ್ಕೆ ಅಪಾಯಿಂಟ್‌ಮೆಂಟ್ ಸಿಕ್ಕಿತು. ಇದು ತಪ್ಪಿದರೆ ಇನ್ನಿಲ್ಲ. ಕೆಲಸ ಹೋದರೂ ಅವರು ಅದೇ ಏಳೂಕಾಲಿಗೆ ಲೈಬ್ರರಿಗೆ ಹೊರಡುತ್ತಿದ್ದರಿಂದ ನನ್ನ ಗುಟ್ಟು ಹಾಗೇ ಉಳಿದಿತ್ತು. ಪರೀಕ್ಷೆಯ ಹಿಂದಿನ ದಿನ ಮಾತ್ರ ಮನೆಯಲ್ಲೇ ಕೂತು ರೆಸ್ಯೂಮೆ ಕಳಿಸುತ್ತಿದ್ದರು.

ಲಾಡಿಯ ಕಾಟ ಬೇಡವೆಂದು ನೈಟಿ ಹಾಕಿಕೊಂಡು, ಬುದ್ಧಿವಂತೆ ಎಂದು ಬೀಗಿದೆ. ಔಷಧಿಯ ಕ್ಯಾನಿಗೂ ಮುಚ್ಚಳ ಇದೆ ಎಂಬುದು ಹೊಳೆದಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಮೊದಲ ಲೋಟ ಕುಡಿಯಬೇಕು. ಬಟ್ಟೆ ಸುತ್ತಿ ತಿರುಗಿಸಿದೆ. ಬಿಸಿನೀರಿಗೆ ಹಿಡಿದೆ. ಜ್ವರ ಬಂದಿದೆ ಎಂದು ಸುಳ್ಳು ಹೇಳಿ ಎಲ್ಲ ಕ್ಯಾನ್ಸಲ್ ಮಾಡಿಬಿಡೋಣವೆಂದು ಫೋನೂ ಎತ್ತಿದೆ. ಆಚೆ ಕಡೆ ಸಂಗೀತ ಕೇಳಿಸುತ್ತ ಕಾಯಿಸಿದರು. ಕಾಯುತ್ತ ಕೊನೆಯ ಪ್ರಯತ್ನ ಮಾಡುತ್ತಿದ್ದಾಗ ಅವರು ಕಾಫಿಗೆಂದು ಅಡುಗೆಮನೆಗೆ ಬಂದರು.

"ಏನೇ ಇದು, ಹಲ್ಲಲ್ಲಿ?"

"ಸ್ವಲ್ಪ ಟೈಟಾಗಿದೆ."

ಒಂದೇ ತಿರುವಿಗೆ ತೆಗೆದರು. ಮುಚ್ಚಳ ನೋಡಿದರು, ನನ್ನ ಬೆರಳು ನೋಡಿದರು. ನಾನು ಫೋನ್ ಇಟ್ಟೆ.

"ಎಷ್ಟು ದಿನದಿಂದ ಹೀಗೆ?"

"ಮೂರು ವರ್ಷ ಆಗಿರಬಹುದು."

"ಮತ್ತೆ ಉಪ್ಪಿನಕಾಯಿ ಬಾಟಲಿ ಯಾರು ತೆಗೀತಿದ್ರು?"

"ಯಾರೂ ಇಲ್ಲ. ಅದಕ್ಕೇ ನೀವು ಮೂರು ವರ್ಷದಿಂದ ಬರೀ ಚಟ್ನಿಪುಡಿ ತಿಂತಿರೋದು."

ಅವರು ನಗಲಿಲ್ಲ. ಊಟದ ಮೇಜಿನ ಕುರ್ಚಿಯೊಂದನ್ನು ಬಾತ್‌ರೂಮಿನ ಎದುರು ತಂದು ಹಾಕಿ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತರು. ಹದಿನೈದು ನಿಮಿಷಕ್ಕೊಂದು ಲೋಟ. ಕೂಗಿದಾಗಲೆಲ್ಲ ಬಂದು ಎರಡೂ ತೋಳು ಹಿಡಿದು ಎಬ್ಬಿಸಿ ಬಾಗಿಲ ತನಕ ಓಡಿಸಿದರು.

"ಲಾಕ್ ಮಾಡ್ಕೋಬೇಡ."

"ನಾಚಿಕೆ ಆಗುತ್ರೀ."

"ನಂಗೂ ಆಗುತ್ತೆ. ಬೆಳಗ್ಗೆಯಿಂದ ಹನ್ನೊಂದು ಕಡೆ ಅಪ್ಲೈ ಮಾಡಿದೀನಿ, ಒಬ್ರೂ ಉತ್ತರ ಕೊಟ್ಟಿಲ್ಲ. ಹೋಗು ನೀನು, ಬೇಗ."

ಮರುದಿನ ಕರುಳಿನಲ್ಲಿ ಕಡಲೆಕಾಳಿನಷ್ಟು ದೊಡ್ಡ ಗಂಟು, ಪಾಲಿಪ್ ಅನ್ನುತ್ತಾರಂತೆ, ಸಿಕ್ಕಿತು. ಅಲ್ಲೇ ಕತ್ತರಿಸಿ ಲ್ಯಾಬಿಗೆ ಕಳಿಸಿದರು. ರಿಪೋರ್ಟ್ ಬರುವ ತನಕದ ಒಂಬತ್ತು ದಿನ ನಾನು ಮನೆಯಲ್ಲಿದ್ದ ಎಲ್ಲ ಕಪಾಟುಗಳನ್ನೂ ಎರಡೆರಡು ಸಲ ಒರೆಸಿದೆ, ಈ ಕೈಯಲ್ಲೇ. ಹತ್ತನೆಯ ದಿನ ನರ್ಸ್ ಫೋನ್ ಮಾಡಿದಳು. ಕ್ಯಾನ್ಸರ್ ಅಲ್ಲ. ಬಿಟ್ಟಿದ್ದರೆ ಮುಂದೆ ಆಗಬಹುದಿತ್ತಂತೆ. ಇನ್ನು ಮೂರು ವರ್ಷ ಬಿಟ್ಟು ಮತ್ತೆ ಬಂದರೆ ಸಾಕಂತೆ.

"ಮೂರು ವರ್ಷವೇ?" ಎಂದೆ. "ಅಷ್ಟು ದಿನ ಹೇಗೆ ಕಾಯುವುದು? ಬರುವ ವರ್ಷವೇ ಒಮ್ಮೆ ನೋಡಬಾರದೆ?"

ಮೇಜಿನ ಆಚೆಯಿಂದ ಗಂಡ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಮೊದಲು ನಂಗೆ ಕೆಲಸ ಸಿಗಲಿ. ಫೋನ್ ಇಡೇ."